ಕಂಪೆನಿ ಮುಳುಗಿದರೂ ನಂಬರ್ ಮುಳುಗಬಾರದು

ವೊಡಾಫೋನ್ ಐಡಿಯಾದ ಸಾಲದ ಸುದ್ದಿ ಬಂದಾಗಲೆಲ್ಲ ‘ಇನ್ನು ನಮ್ಮ ನಂಬರಿನ ಗತಿಯೇನು?’ ಅಂತ ಜನ ಕೇಳುತ್ತಾರೆ. ನೆರವು ಸಿಗದಿದ್ದರೆ 2025-26ರ ಆಚೆಗೆ ನಡೆಸುವುದು ಕಷ್ಟ ಎಂದು ಕಂಪೆನಿಯೇ 2025ರಲ್ಲಿ ಕೇಂದ್ರಕ್ಕೆ ಹೇಳಿತ್ತು. ಅದೇ ವರ್ಷ ಸರಕಾರ ತನ್ನ ಬಾಕಿಯನ್ನು ಶೇರು ಮಾಡಿಕೊಂಡು ಸುಮಾರು ಶೇ. 49ರ ಪಾಲುದಾರನಾಯಿತು. ಹಾಗಾಗಿ ಗಾಬರಿಯಿಂದ ಇವತ್ತೇ ಅಂಗಡಿಗೆ ಓಡಬೇಕಾಗಿಲ್ಲ. ಆದರೆ ಹಿಂದೆ ಏನಾಯ್ತು ಅಂತ ತಿಳಿದಿರಬೇಕು.

ಕಂಪೆನಿಗಳು ಎರಡು ರೀತಿಯಲ್ಲಿ ಇಲ್ಲವಾಗುತ್ತವೆ. ಒಂದು, ಇನ್ನೊಂದರೊಳಗೆ ಸೇರುವುದು. ಟೆಲಿನಾರ್ 2018ರಲ್ಲಿ, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ಗೆ ಸೇರಿತು. ಅಲ್ಲಿ ಗ್ರಾಹಕರ ನಂಬರ್ ತಾನಾಗಿಯೇ ಉಳಿಯಿತು. ಇನ್ನೊಂದು, ಬಾಗಿಲು ಹಾಕುವುದು. ಕಷ್ಟ ಇರುವುದು ಇಲ್ಲಿ.

ಏರ್‌ಸೆಲ್‌ನ ಕತೆ ನೋಡಿ. 2018ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಬಾಡಿಗೆ ಬಾಕಿಗೆ ಟವರ್‌ಗಳು ನಿಂತು, ಅದರ ದೊಡ್ಡ ನೆಲೆಯಾಗಿದ್ದ ತಮಿಳುನಾಡಿನಲ್ಲಿ ಜನ ಸಿಗ್ನಲ್ಲಿಗೆ ಪರದಾಡಿದರು. ನಂಬರ್ ಬದಲಿಸದೆ ಬೇರೆ ಕಂಪೆನಿಗೆ ಹೋಗುವ ಹಕ್ಕು 2011ರ ಜನವರಿಯಿಂದ ದೇಶದಲ್ಲೆಲ್ಲ ಉಂಟು. ಅದಕ್ಕೆ 1900ಕ್ಕೆ ಮೆಸೇಜ್ ಕಳಿಸಿ ಕೋಡ್ ಪಡೀಬೇಕು. ಆದರೆ ನೆಟ್‌ವರ್ಕೇ ಇಲ್ಲದಿದ್ದರೆ ಮೆಸೇಜ್ ಹೋಗುವುದು ಎಲ್ಲಿಂದ? ಕೊನೆಗೆ ಟ್ರಾಯ್ ಮಧ್ಯೆ ಬಂದು ಕೋಡ್ ಒದಗಿಸಲು ಹೇಳಬೇಕಾಯ್ತು. 2019ರಲ್ಲೂ ಸುಮಾರು 7 ಕೋಟಿ ನಂಬರ್‌ಗಳು ಬಾಕಿ ಇದ್ದವು, ಅಕ್ಟೋಬರ್ 31ರ ತನಕ ಗಡುವು ಕೊಡಲಾಯಿತು.

ಪಾಠ ಸ್ಪಷ್ಟ: ನಂಬರ್ ಒಯ್ಯುವ ಹಕ್ಕು ಕಾನೂನಿನಲ್ಲಿ ಇದೆ, ಅದರ ಕೀಲಿಕೈ ಮಾತ್ರ ಮುಳುಗುವ ಕಂಪೆನಿಯ ಕೈಯಲ್ಲೇ ಇದೆ.

ಇವತ್ತು ನಂಬರ್ ಅಂದರೆ ಬರೀ ಮಾತಾಡಲಿಕ್ಕೆ ಇರುವುದಲ್ಲ. ಬ್ಯಾಂಕ್, ಆಧಾರ್, ವಾಟ್ಸಾಪ್ ಎಲ್ಲ ಅದಕ್ಕೇ ಕಟ್ಟಿಕೊಂಡಿದೆ. ದುಬೈ, ದಮ್ಮಾಮ್‌ನಲ್ಲಿ ದುಡಿಯುವ ನಮ್ಮ ಸಹೋದರರಿಗೆ ಊರಿನ ಸಿಮ್ಮಿಗೆ ಒಟಿಪಿ ಬಾರದಿದ್ದರೆ ಮನೆಯ ಖಾತೆಯ ವ್ಯವಹಾರವೇ ನಿಲ್ಲುತ್ತದೆ. ರಜೆ ಹಾಕಿ ಬ್ಯಾಂಕಿಗೆ ಬರಲಿಕ್ಕೆ ಎಷ್ಟು ಜನರಿಗೆ ಆಗ್ತದೆ? ಬಹಳ ದಿನ ಉಪಯೋಗಿಸದೆ ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ಕೆಲವು ಮಾತು. ಸಿಮ್ ನಿಮ್ಮ ಹೆಸರಿನಲ್ಲೇ ಇದೆಯಾ ನೋಡಿಕೊಳ್ಳಿ. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇಡಬೇಡಿ, ಬಾಕಿ ಇದ್ದರೆ ಕೋಡ್ ಸಿಗುವುದಿಲ್ಲ. ಹೊಸ ಸಂಪರ್ಕಕ್ಕೆ 90 ದಿನ ಆಗಿರಬೇಕು. ಕೋಡ್ ನಮ್ಮಲ್ಲಿ ನಾಲ್ಕೇ ದಿನ ಚಾಲ್ತಿ, ಪಡೆದ ಕೂಡಲೇ ಹೊಸ ಕಂಪೆನಿಗೆ ಕೊಡಿ, ಬೇರೆ ಯಾರಿಗೂ ಹೇಳಬೇಡಿ. ಪ್ರಿಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ, ಅದನ್ನು ಮೊದಲೇ ಮುಗಿಸಿ.

ಇಷ್ಟು ನಮ್ಮ ಕೆಲಸ. ಉಳಿದದ್ದು ಸರಕಾರದ್ದು. ಟವರ್ ಆರುವ ಮೊದಲೇ ಎಲ್ಲರ ಕೋಡ್ ತಾನಾಗಿ ಕೈಸೇರಬೇಕು, ಹೊರದೇಶದಲ್ಲಿ ಇರುವವರಿಗೆ ಹೆಚ್ಚಿನ ಸಮಯ ಸಿಗಬೇಕು. ಆಧಾರ್‌ಗೂ ಬ್ಯಾಂಕಿಗೂ ನಂಬರ್ ಕೊಡಿ ಎಂದು ಹೇಳಿದ್ದೇ ವ್ಯವಸ್ಥೆ. ಆ ನಂಬರನ್ನು ಉಳಿಸಿಕೊಡುವ ಹೊಣೆಯನ್ನೂ ವ್ಯವಸ್ಥೆಯೇ ಹೊರಬೇಕಲ್ಲವೇ?