ತಲೆ ಸುತ್ತು: ಪಿತ್ತವೋ, ಕಿವಿಯ ಕಾಯಿಲೆಯೋ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ನನ್ನ ತಾಯಿಗೆ 45 ವರ್ಷ. ಆರು ತಿಂಗಳಿಂದ ಆಗಾಗ ಮನೆಯೇ ಗಿರ್ರನೆ ತಿರುಗಿದಂತಾಗಿ ವಾಂತಿಯಾಗುತ್ತದೆ. ಎರಡು ಮೂರು ಗಂಟೆ ಮಲಗಿದರೆ ಸರಿಹೋಗುತ್ತದೆ. ಎಡಗಿವಿಯಲ್ಲಿ ಸದಾ ಗುಂಯ್‌ಗುಟ್ಟುವ ಶಬ್ದ; ಕೇಳಿಸುವುದೂ ಕಡಿಮೆ. ಎಲ್ಲರೂ ಪಿತ್ತ ಎನ್ನುತ್ತಾರೆ. ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಎಡಗಿವಿಯದು. ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸಿ ಸುಮ್ಮನಿರಬೇಡಿ. ತಲೆ ಸುತ್ತು, ಕಿವಿಯಲ್ಲಿ ಮೊರೆತ, ಮಂದ ಕಿವುಡು ಇವು ಜೊತೆಗೂಡಿದಾಗ ಮೆನಿಯರ್ ಕಾಯಿಲೆ ಇರಬಹುದೇ ಎಂದು ನೋಡಬೇಕಾಗುತ್ತದೆ.

ಹಿಂದೆ ಇಂಥ ತಲೆ ಸುತ್ತಿಗೆ ಮಿದುಳಿನ ದೋಷವೇ ಕಾರಣವೆಂಬ ನಂಬಿಕೆಯಿತ್ತು. ಮೂಲ ಒಳಗಿವಿಯಲ್ಲಿರಬಹುದೆಂದು 1861ರಲ್ಲಿ ಹೇಳಿದವನು ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯರ್. ಕೇಳುವ ಅಂಗ, ಸಮತೋಲ ಕಾಯುವ ಅಂಗ ಎರಡೂ ಒಳಗಿವಿಯಲ್ಲೇ ಕೂಡಿಕೊಂಡಿವೆ. ಅಲ್ಲಿನ ದ್ರವ ಹೆಚ್ಚಿ ಪೊರೆ ಉಬ್ಬಿದರೆ ಎರಡಕ್ಕೂ ತೊಂದರೆ.

ಇದನ್ನು ಒಂದೇ ಪರೀಕ್ಷೆಯಿಂದ ಹೇಳಲಾಗದು. 2015ರಲ್ಲಿ ತಜ್ಞರು ಒಪ್ಪಿದ ನಿಯಮದಂತೆ, 20 ನಿಮಿಷದಿಂದ 12 ಗಂಟೆಯವರೆಗಿನ ತಲೆ ಸುತ್ತು ಕನಿಷ್ಠ ಎರಡು ಸಲ ತಾನಾಗಿ ಬಂದಿರಬೇಕು. ಆ ಕಿವಿಗೆ ತಗ್ಗಿನ ಅಥವಾ ಮಧ್ಯಮ ಸ್ವರಗಳು ಸರಿಯಾಗಿ ಕೇಳಿಸವೆಂದು ಆಡಿಯೋಗ್ರಾಂ ತೋರಿಸಬೇಕು. ಮೊರೆತ, ಕಿವಿ ಕಟ್ಟಿದ ಭಾವನೆ ಅಥವಾ ಕೇಳುವಿಕೆಯಲ್ಲಿ ಏರಿಳಿತ ಇರಬೇಕು. ಬೇರೆ ಕಾರಣ ಇರಬಾರದು. ಹಾಸಿಗೆಯಲ್ಲಿ ಮಗ್ಗುಲಾದಾಗ ಕೆಲವೇ ಸೆಕೆಂಡು ಬರುವ ಸುತ್ತು ಬೇರೆಯದು. ಮೈಗ್ರೇನಿನಿಂದಲೂ ಸುತ್ತು ಬರುತ್ತದೆ. ಕಿವಿಯ ನರದ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕಾಗಬಹುದು.

ಇಲ್ಲಿ ನಿಮ್ಮಿಂದ ದೊಡ್ಡ ಸಹಾಯವಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಸುತ್ತು ಬಂದ ದಿನ, ಗಡಿಯಾರ ನೋಡಿ ಎಷ್ಟು ಹೊತ್ತು ಇತ್ತು, ಆಗ ಕಿವಿ ಹೇಗಿತ್ತು ಎಂದು ಬರೆದಿಡಿ. ಆರಂಭದಲ್ಲಿ ಕೇಳುವ ಶಕ್ತಿ ನಡುನಡುವೆ ಸರಿಹೋಗುವುದರಿಂದ, ಸುತ್ತು ಬಂದ ಬಳಿಕ ಬೇಗನೆ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಕಿವಿ, ಮೂಗು, ಗಂಟಲು ತಜ್ಞರನ್ನು ಈಗಲೇ ಕಾಣಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಶ್ರವಣ ಪರೀಕ್ಷೆ ಮಾಡುತ್ತಾರೆ. ಆದರೆ ಕಿವಿ ಹಠಾತ್ತನೆ ಕೇಳಿಸದಂತಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಸುತ್ತನ್ನು ಚಿಕಿತ್ಸೆಯಿಂದ ಬಹುಮಟ್ಟಿಗೆ ಹತೋಟಿಗೆ ತರಬಹುದು. ಪೂರ್ತಿ ಕಳೆದುಹೋದ ಕೇಳುವ ಶಕ್ತಿ ಮರಳುವುದು ಕಷ್ಟ. ಅಂದಹಾಗೆ, ಕರೆದಾಗ ತಾಯಿ ಓಗೊಡದಿದ್ದರೆ ಸಿಟ್ಟಾಗಬೇಡಿ; ಬಲಗಡೆಗೆ ಬಂದು ಮಾತನಾಡಿಸಿ.