ಜಗ್ಗೋದು ದೊಡ್ಡದಲ್ಲ, ನಿಲ್ಲಿಸೋದು ದೊಡ್ಡದು

ಇವತ್ತಿನ ಬರಹ ಸ್ವಲ್ಪ ಉದ್ದ ಐತಿ, ಸ್ವಲ್ಪ ಖಾರನೂ ಐತಿ. ಕಬ್ಬು ಬೆಳೆಯೋರು, ಟ್ರ್ಯಾಕ್ಟರ್ ಇಟ್ಟೋರು, ಡ್ರೈವರ್ ಅಣ್ಣ ತಮ್ಮಂದಿರು ಪೂರಾ ಓದ್ರಿ. ಬೈಯೋದಿದ್ದರೆ ಓದಿದ ಮೇಲೆ ಬೈರಿ.

ನನ್ನ ತಂಗಿ ಮಗ ಅಮೆರಿಕದ ಕೊಲೊರಾಡೊದಲ್ಲಿ ನೌಕರಿ ಮಾಡ್ತಾನೆ. ಹೋದ ಬೇಸಿಗೆಯಲ್ಲಿ ಒಂದು ಟ್ರೇಲರ್ ತಗೊಂಡ. ನಮ್ಮ ಕಬ್ಬಿನ ಟ್ರೇಲರ್ ಅಲ್ಲ, ಗಾಲಿ ಮೇಲಿನ ಸಣ್ಣ ಮನಿ. ಒಳಗೆ ಮಂಚ, ಒಲೆ, ನೀರಿನ ಟಾಕಿ, ಸಂಡಾಸು ಎಲ್ಲ ಐತಿ. ರಜೆ ಬಂದರೆ ಹೆಂಡತಿ ಮಕ್ಕಳನ್ನ ಕೂಡಿಸಿಕೊಂಡು, ಪಿಕಪ್ ಹಿಂದೆ ಇದನ್ನ ಕಟ್ಟಿಕೊಂಡು ಗುಡ್ಡ ಕಾಡು ಸುತ್ತೋದು. ಅವನ ಪಿಕಪ್ ಟೊಯೋಟಾ ಟಕೋಮಾ. ಅಲ್ಲಿನವರ ಲೆಕ್ಕದಲ್ಲಿ ಅದು ದೊಡ್ಡ ಗಾಡಿ ಅಲ್ಲ, ಮಧ್ಯಮ ಗಾತ್ರದ್ದು.

ವಿಡಿಯೋ ಕಾಲ್ ಹಚ್ಚಿ ತೋರಿಸುವಾಗ ಕೇಳಿದೆ, "ಎಷ್ಟು ಜಗ್ಗತೈತೋ ನಿನ್ನ ಗಾಡಿ?"

"ಭಾಳ ಅಂದ್ರ 2,900 ಕಿಲೋ ಅಂತ ಕಂಪನಿಯವ್ರು ಹೇಳ್ತಾರ ಮಾಮಾ. ನಾ ಮಾತ್ರ ಎರಡು ಟನ್ ದಾಟಿಸಿಲ್ಲ."

ನನಗೆ ನಗು ಬಂತು. "ಎರಡು ಟನ್ನಿಗೆ ಇಷ್ಟು ಹೆದರಿಕಿ ಏನೋ? ನಮ್ಮ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿ 20 ಟನ್ ಕಬ್ಬು ಜಗ್ಗತೈತಿ."

"ಜಗ್ಗತೈತಿ ಮಾಮಾ, ನಿಲ್ಲತೈತೇನು?" ಅಂದ.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಮುಂದೆ ಹೇಳ್ತೀನಿ.

ಮೊದಲು ಅವನು ಹೇಳಿದ್ದು ಕೇಳ್ರಿ. ಅವನ ಗಾಡಿಯ ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿರ್ತಾರೆ. ಜನ, ಸಾಮಾನು ಎಲ್ಲ ಸೇರಿ ಗಾಡಿ ಮೇಲೆ ಇಷ್ಟೇ ತೂಕ ಇರಬೇಕು ಅಂತ ಅದರಲ್ಲಿ ಬರೆದಿರ್ತದೆ. ಟ್ರೇಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿ ಮೇಲೆ ಕೂಡಬೇಕು. ಎರಡು ಟನ್ ಟ್ರೇಲರ್ ಅಂದರೆ 200ರಿಂದ 300 ಕಿಲೋ. ಅದಕ್ಕಿಂತ ಕಡಿಮೆ ಆದರೆ ಟ್ರೇಲರ್ ಹಾವಿನ ಬಾಲದಂಗೆ ಅತ್ತ ಇತ್ತ ಹೊಯ್ದಾಡತದೆ. ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರ ಆಗತವೆ, ಸ್ಟೀರಿಂಗ್ ಮಾತು ಕೇಳೋದಿಲ್ಲ. ಆ 200, 300 ಕಿಲೋನೂ ಬಾಗಿಲ ಚೀಟಿಯ ಲೆಕ್ಕಕ್ಕೇ ಸೇರತದೆ. ಹಂಗಾಗಿ ಅವನು ಹೊರಡೋ ಮೊದಲು ಮಕ್ಕಳ ಸೈಕಲ್ ಇಳಿಸಿಟ್ಟ, ನೀರಿನ ಟಾಕಿ ಖಾಲಿ ಮಾಡಿದ.

ಟ್ರೇಲರ್‌ನ ನಾಲ್ಕೂ ಗಾಲಿಗೆ ಕರೆಂಟಿನ ಬ್ರೇಕ್. ಅದು ಎಷ್ಟು ಜೋರು ಹಿಡೀಬೇಕು ಅಂತ ಡ್ರೈವರ್ ಕೈಹತ್ತಿರ ತಿರುಗಿಸೋ ಗುಂಡಿ. ಕೊಂಡಿ ಕಳಚಿದರೆ ಹಿಡಿದಿರಲಿ ಅಂತ ಎರಡು ಸರಪಳಿ. ಸರಪಳಿನೂ ಹರಿದರೆ ಒಂದು ಸಣ್ಣ ತಂತಿ ಪಿನ್ನು ಕಿತ್ತು, ಟ್ರೇಲರ್ ತಾನಾಗಿ ಬ್ರೇಕ್ ಹಾಕಿಕೊಳ್ಳತದೆ. ಸುಮಾರು 1,360 ಕಿಲೋ ದಾಟಿದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು ಅಂತ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಕಾಯ್ದೆ ಇದೆ. ಇದೆಲ್ಲ ರಜೆಯ ತಿರುಗಾಟಕ್ಕೆ, ನೆನಪಿರಲಿ.

ಈಗ ನಮ್ಮ ಕಡೆ ಬರೋಣ. ಹೋದ ಹಂಗಾಮಿನ ನನ್ನ ಒಂದು ಕಾಟಾ ಚೀಟಿ ಎದುರಿಗೆ ಇಟ್ಟುಕೊಂಡೇ ಬರೀತಿದ್ದೀನಿ. ಒಟ್ಟು ತೂಕ 28 ಟನ್ 340 ಕಿಲೋ. ಖಾಲಿ ತೂಕ 6 ಟನ್ 210 ಕಿಲೋ. ಕಬ್ಬು 22 ಟನ್ 130 ಕಿಲೋ. ಟ್ರ್ಯಾಕ್ಟರ್ ಒಂದರದೇ ತೂಕ ಎರಡು ಟನ್ನಿನ ಮೇಲೆ ಸ್ವಲ್ಪ. ಅಂದರೆ ತನ್ನ ಹನ್ನೆರಡು ಪಟ್ಟು ತೂಕ ಬೆನ್ನಿಗೆ ಕಟ್ಟಿಕೊಂಡು ಹೊಂಟದೆ. ನನ್ನ ಅಳಿಯನ ಗಾಡಿ ತನ್ನಷ್ಟೇ ತೂಕದ್ದನ್ನ ಜಗ್ಗತದೆ, ಅದಕ್ಕೇ ಅವನಿಗೆ ನಿದ್ದೆ ಬರಲ್ಲ.

"ಅವ್ರು 100ರ ಸ್ಪೀಡಿನ್ಯಾಗ ಹೋಗ್ತಾರ, ನಾವು 25ರಾಗ ಹೋಗ್ತೀವಿ" ಅಂತ ಯಾರೋ ಅಂತೀರಿ, ಗೊತ್ತು. ಲೆಕ್ಕ ಹಾಕ್ರಿ. 28 ಟನ್ 25ರ ಸ್ಪೀಡಿನಲ್ಲಿ ಬರುವಾಗ ಅದನ್ನ ನಿಲ್ಲಿಸೋಕೆ ಬೇಕಾದ ಶಕ್ತಿ, ಅವನ ಗಾಡಿ ಟ್ರೇಲರ್ ಎರಡೂ ಸೇರಿ ಸುಮಾರು 65ರಲ್ಲಿ ಬರುವಾಗ ಬೇಕಾಗುವಷ್ಟೇ. ಆದರೆ ಅವನಿಗೆ ಎಂಟು ಗಾಲಿ, ಎಂಟಕ್ಕೂ ಬ್ರೇಕ್. ನಮಗೆ ಟ್ರ್ಯಾಕ್ಟರ್‌ನ ನಾಲ್ಕು, ಟ್ರೇಲರ್‌ಗಳ ಎಂಟು, ಒಟ್ಟು ಹನ್ನೆರಡು ಗಾಲಿ. ಬ್ರೇಕ್ ಇರೋದು ಎರಡಕ್ಕೆ, ಟ್ರ್ಯಾಕ್ಟರ್‌ನ ಹಿಂದಿನ ಎರಡಕ್ಕೆ ಮಾತ್ರ.

ಆ ಎರಡೂ ಸರಿಯಾಗಿ ಹಿಡೀತಾವಾ? ಹೊಲದಲ್ಲಿ ಗಕ್ಕನೆ ತಿರುಗಿಸಲಿ ಅಂತ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಪೆಡಲ್ ಕೊಟ್ಟಿರ್ತಾರೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಕೂಡಿಸಿ ಚಿಲಕ ಹಾಕಬೇಕು. ಎಷ್ಟು ಜನ ಹಾಕ್ತೀವಿ? ಚಿಲಕ ಮುರಿದು ಹೋಗಿ ಎಷ್ಟು ವರ್ಷ ಆಯ್ತು? ಒಂದೇ ಪೆಡಲ್ ಮೇಲೆ ಕಾಲು ಬಿದ್ದರೆ ಟ್ರ್ಯಾಕ್ಟರ್ ಒಂದೇ ಕಡೆ ಎಳೀತದೆ, ಹಿಂದಿನ 26 ಟನ್ ಸೀದಾ ಬಂದು ನೂಕತದೆ, ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚತದೆ. ಇಳಿಜಾರಿನಲ್ಲಿ ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಮಾಡಿ ಬಿಡೋರು ಇದ್ದಾರೆ. ಗೇರಿನಲ್ಲಿದ್ದರೆ ಎಂಜಿನ್ ಆದರೂ ಹಿಡೀತಿತ್ತು, ಅದನ್ನೂ ಬಿಟ್ಟುಕೊಟ್ಟಂಗಾಯ್ತು. ಏರು ಬಂದಾಗ ಮುಂದಿನ ಗಾಲಿ ಮೇಲೆದ್ದರೆ ಬಂಪರ್ ಮೇಲೆ ಇಬ್ಬರು ಹುಡುಗರನ್ನ ಕೂಡಿಸ್ತೀವಿ. ಮೇಲೆ ಹಾಡು ಎಷ್ಟು ಜೋರು ಅಂದರೆ ಹಿಂದಿನ ಆಂಬುಲೆನ್ಸ್ ಬಾಯಿ ಬಡಕೊಂಡರೂ ಕೇಳೋದಿಲ್ಲ.

ನಮ್ಮ ಕಡೆ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗೋ ಸ್ಪರ್ಧೆ ಇಡ್ತೀವಿ, ಗೆದ್ದವನಿಗೆ ಗುಲಾಲು ಹಾರಿಸ್ತೀವಿ. ನಿಲ್ಲಿಸೋ ಸ್ಪರ್ಧೆ ಯಾರಾದರೂ ಇಟ್ಟಿದ್ದು ನೋಡೀರಾ?

ಈಗ ನನ್ನ ಹತ್ತಿರ ಉತ್ತರ ಯಾಕೆ ಇರಲಿಲ್ಲ ಅನ್ನೋದು. ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಹೊಲದ ಕಬ್ಬು, ಬಾಡಿಗೆ ಟ್ರ್ಯಾಕ್ಟರ್. ಕೊನೆಯ ಖೇಪು ತುಂಬಿದ ಮೇಲೂ ಒಂದಿಷ್ಟು ಕಬ್ಬು ಉಳಿದಿತ್ತು. ಡ್ರೈವರ್ ಬ್ಯಾಡ ಅಂದ. "ಇಷ್ಟಕ್ಕ ಇನ್ನೊಂದು ಖೇಪು ಎಲ್ಲಿ ಮಾಡ್ತೀಯೋ, ಹಾಕು ಮ್ಯಾಲ" ಅಂದವನು ನಾನು. ಊರು ದಾಟಿ ಆರು ಕಿಲೋಮೀಟರ್ ಹೋಗೋದರಲ್ಲಿ ಹಿಂದಿನ ಟ್ರೇಲರ್‌ನ ಟೈರ್ ಒಡೀತು. ರಾತ್ರಿ ಎಂಟೂವರೆ. ಗಾಲಿಗೆ ಕಲ್ಲು ಕೊಟ್ಟು, ಹಿಂದೆ ಒಂದು ಜಾಲಿ ಕೊಂಬೆ ಇಟ್ಟು, ಡ್ರೈವರ್ ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋದ. ಟ್ರೇಲರ್‌ಗೆ ಲೈಟ್ ಇಲ್ಲ, ಹೊಳೆಯೋ ಪಟ್ಟಿ ಇಲ್ಲ. ಎದುರಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಪಕ್ಕದ ಊರಿನ ಹುಡುಗ ಬೈಕಿನ ಸಮೇತ ಬಂದು ಹಿಂದಿನಿಂದ ಗುದ್ದಿದ.

ಜೀವ ಉಳೀತು. ಬಲಗಾಲು ಮೊಣಕಾಲಿನ ಕೆಳಗೆ ಉಳೀಲಿಲ್ಲ. ನೋಡಲು ದವಾಖಾನೆಗೆ ಹೋದಾಗ ಅವರಪ್ಪ ನನ್ನನ್ನ ಬೈಲಿಲ್ಲ. "ಗೌಡ್ರ, ಒಂದು ಕೆಂಪು ಲೈಟ್ ಎಷ್ಟಕ್ಕ ಬರತೈತ್ರಿ?" ಅಂತಷ್ಟೇ ಕೇಳಿದ. ಬೈದಿದ್ದರೆ ಚಲೋ ಇತ್ತು.

ಆ ದಿನದ ನಂತರ ಎಲ್ಲರೂ ಡ್ರೈವರ್‌ನ ತಪ್ಪು ಅಂದರು. ಕೇಸು ಆಗಿದ್ದೂ ಅವನ ಮೇಲೇ. ನಾನೂ ಸುಮ್ಮನೆ ಕೂತೆ. ಇವತ್ತು ಹೇಳ್ತೀನಿ, ಅವನೊಬ್ಬನ ತಪ್ಪಲ್ಲ. ಟ್ರ್ಯಾಕ್ಟರ್ ಮಾಲೀಕನಿಗೆ ದುಡ್ಡು ಸಿಗೋದು ಟನ್ನಿನ ಲೆಕ್ಕದಲ್ಲಿ. ಅವನ ತಲೆ ಮೇಲೆ ಟ್ರ್ಯಾಕ್ಟರ್ ಸಾಲದ ಕಂತು, ಕಬ್ಬು ಕಡಿಯೋ ಗ್ಯಾಂಗಿಗೆ ಕೊಟ್ಟ ಮುಂಗಡ. ಫ್ಯಾಕ್ಟರಿ ಯಾರ್ಡಿನಲ್ಲಿ ನಂಬರ್ ಬರೋ ತನಕ ಒಂದು ಹಗಲು ಒಂದು ರಾತ್ರಿ ಕಾಯೋದು. ಅಷ್ಟು ಕಾದು 12 ಟನ್ ಯಾಕೆ ತರಬೇಕು ಅನ್ನೋದು ಅವನ ಲೆಕ್ಕ. ಕಬ್ಬು ಒಣಗಿ ತೂಕ ಕಡಿಮೆ ಆಗತದೆ, ಬೇಗ ಸಾಗಲಿ ಅನ್ನೋದು ನಮ್ಮ ಲೆಕ್ಕ.

ಇನ್ನು ಫ್ಯಾಕ್ಟರಿ. ನಮಗೇನೂ ಗೊತ್ತಿಲ್ಲ ಅಂತ ಅವರು ಹೇಳೋ ಹಾಗೇ ಇಲ್ಲ. ಪ್ರತಿಯೊಂದು ಖೇಪಿನ ತೂಕ, ಗಾಡಿ ನಂಬರ್, ತಾರೀಕು, ವೇಳೆ ಎಲ್ಲಾ ಅವರ ಕಾಟಾ ಚೀಟಿಯಲ್ಲೇ ಅಚ್ಚಾಗಿ ಬರತದೆ. ಮಿತಿ ಮೀರಿದ ಹೇರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮೋಟಾರು ವಾಹನ ಕಾಯ್ದೆಯ 194ನೇ ಕಲಮು, 2019ರ ತಿದ್ದುಪಡಿ ಆದ ಮೇಲೆ, ಮಿತಿ ಮೀರಿ ಹೇರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಅಂತದೆ. ಓಡಿಸಿದವನಷ್ಟೇ ಅಲ್ಲ, ಓಡಿಸಲಿಕ್ಕೆ ಹಚ್ಚಿದವನು, ಬಿಟ್ಟವನು ಕೂಡ ಅದರಲ್ಲಿ ಬರ್ತಾನೆ. ಹೆಲ್ಮೆಟ್ ಇಲ್ಲ ಅಂತ ಬೈಕ್ ಸವಾರನನ್ನ ಹಿಡಿಯೋ ಸಾಹೇಬರು, ಅದೇ ಕ್ರಾಸಿನಲ್ಲಿ ಹಾದು ಹೋಗೋ ಕಬ್ಬಿನ ಗುಡ್ಡ ಕಂಡಾಗ ಯಾಕೆ ಆ ಕಡೆ ಮುಖ ಮಾಡ್ತಾರೆ?

ಮತ್ತೆ ನಾವು. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಬೇಕು ಅಂತ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತರು. ನಾನೂ ಹೋಗಿದ್ದೆ. ನ್ಯಾಯವಾದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೂತಷ್ಟು ಹೊತ್ತು ಬ್ರೇಕಿನ ಮಾತು ನಾನು ಒಂದು ಸಲನೂ ಎತ್ತಲಿಲ್ಲ.

"ಕಡಿಮಿ ಹೇರಿದ್ರ ರೈತಗ ಹೊರೆ ಆಗತೈತಿ" ಅನ್ನೋರಿಗೆ ನನ್ನ ಹೊಲದ್ದೇ ಲೆಕ್ಕ. 64 ಟನ್ ಕಬ್ಬು. 22ರಂತೆ ತುಂಬಿದರೆ ಮೂರು ಖೇಪು, 16ರಂತೆ ತುಂಬಿದರೆ ನಾಲ್ಕು. ವ್ಯತ್ಯಾಸ ಒಂದು ಖೇಪು. 16 ಕೂಡ ಬ್ರೇಕಿಲ್ಲದ ಟ್ರೇಲರ್‌ಗೆ ಹೆಚ್ಚೇ, ಆದರೆ ಅಷ್ಟಾದರೂ ಇಳಿಸೋಣ. ಆ ಒಂದು ಖೇಪಿನ ಖರ್ಚು ಟ್ರ್ಯಾಕ್ಟರ್‌ನವನ ಮೇಲೂ ಬೇಡ, ರೈತನ ಬಿಲ್ಲಿನಲ್ಲಿ ಕಡಿಯೋದೂ ಬೇಡ. ಸಾಗಾಣಿಕೆ ದರ ಏರಿಸಿ ಫ್ಯಾಕ್ಟರಿ ಕೊಡಲಿ.

ನನ್ನ ಬೇಡಿಕೆ ಇಷ್ಟೇ. ಹಂಗಾಮು ಶುರು ಆಗೋ ಮುಂಚೆ ಬ್ರೇಕು, ಹಿಂದಿನ ಲೈಟು, ಹೊಳೆಯೋ ಪಟ್ಟಿ ಇಲ್ಲದ ಟ್ರೇಲರ್‌ಗೆ ಫ್ಯಾಕ್ಟರಿ ಕರಾರು ಮಾಡಿಕೊಳ್ಳಬಾರದು. ಮಿತಿ ಮೀರಿದ ತೂಕಕ್ಕೆ ಸಾಗಾಣಿಕೆ ದುಡ್ಡು ಕೊಡಬಾರದು, ಕಬ್ಬಿನ ದುಡ್ಡು ಮಾತ್ರ ರೈತನಿಗೆ ಪೂರಾ ಕೊಡಬೇಕು. ಹೆಚ್ಚಿಗೆ ಹೇರಿದ್ದಕ್ಕೆ ಲಾಭ ಇಲ್ಲ ಅಂದ ದಿನ ಯಾರೂ ಹೇರೋದಿಲ್ಲ. ಯಾರ್ಡಿನ ಕಾಯುವಿಕೆ ಕಡಿಮೆ ಮಾಡ್ರಿ, ಅರ್ಧ ರೋಗ ಅಲ್ಲೇ ವಾಸಿ ಆಗತದೆ.

ನಾನು ನನ್ನಿಂದ ಶುರು ಮಾಡಿದ್ದೀನಿ. ಈಗ ಮೂರು ಹಂಗಾಮಿನಿಂದ ನನ್ನ ಹೊಲಕ್ಕೆ ಬರೋ ಟ್ರೇಲರ್‌ಗೆ ಲೈಟ್ ಉರೀದಿದ್ದರೆ ಒಂದು ಗಣಿಕೆನೂ ಹೇರಿಸೋದಿಲ್ಲ. ಕೆಂಪು ಪಟ್ಟಿಯ ಸುರುಳಿ ನಾನೇ ಮನೆಯಲ್ಲಿ ತಂದಿಟ್ಟಿದ್ದೀನಿ, ಕೆಲವು ನೂರು ರೂಪಾಯಿ ಬಿತ್ತು. ಚಿಲಕ ಹಾಕಿ ತೋರಿಸು ಅಂದಾಗ ಡ್ರೈವರ್ ಹುಡುಗರು ನಗ್ತಾರೆ. ನಗಲಿ. ತೂಕದ ವಿಷಯದಲ್ಲಿ ನಾನಿನ್ನೂ ಪೂರಾ ಗೆದ್ದಿಲ್ಲ, ಮ್ಯಾಲಿನ ಚೀಟಿನೇ ಅದಕ್ಕೆ ಸಾಕ್ಷಿ. ಈ ಸಲ 16 ದಾಟಿಸೋದಿಲ್ಲ ಅಂತ ಇಲ್ಲೇ ನಿಮ್ಮೆದುರಿಗೆ ಬರೆದು ಕೊಡ್ತಿದ್ದೀನಿ, ತಪ್ಪಿದರೆ ಕೇಳ್ರಿ.

ನಿಮ್ಮ ಮನೆಯಲ್ಲೂ ಕಾಟಾ ಚೀಟಿ ಇರ್ತಾವೆ. ಇವತ್ತು ರಾತ್ರಿ ಒಂದು ತೆಗೆದು ಒಟ್ಟು ತೂಕ ನೋಡ್ರಿ. ಆಮೇಲೆ ನಿಮ್ಮ ಮಗ ಬೈಕ್ ಹತ್ತಿ ಯಾವ ರಸ್ತೆಯಲ್ಲಿ ಮನೆಗೆ ಬರ್ತಾನೆ ಅಂತ ಒಂದು ಸಲ ಯೋಚನೆ ಮಾಡ್ರಿ.