ತಪ್ಪು ರಕ್ತದ್ದಲ್ಲ, ನಮ್ಮದು

ಹೆಂಡತಿಯ ಮೇಲೆ ಕೈಯೆತ್ತಿದವನ ಪ್ರಕರಣವು ಜಮಾಅತ್‌ನ ಮುಂದೆ ಬಂದಾಗ ಹಿರಿಯರ ಬಾಯಿಂದ ಹೊರಡುವ ಮಾತೊಂದಿದೆ: "ಅವನ ಅಪ್ಪನೂ ಹೀಗೆಯೇ ಇದ್ದ, ರಕ್ತವೇ ಅಂಥದ್ದು. ಸಬ್ರ್ ಮಾಡು ಮಗಳೇ." ಅಲ್ಲಿಗೆ ಪಂಚಾಯಿತಿಕೆ ಮುಗಿಯುತ್ತದೆ. ಹೊಡೆದವನು ಪಾರಾಗುತ್ತಾನೆ, ಹೊಡೆಸಿಕೊಂಡವಳಿಗೆ ಸಹನೆಯ ಉಪದೇಶ ದೊರೆಯುತ್ತದೆ. ಈಗ ಇದೇ ಮಾತಿಗೆ ವಿಜ್ಞಾನದ ಉಡುಪು ತೊಡಿಸಲಾಗುತ್ತಿದೆ. ರಕ್ತ ಎನ್ನುತ್ತಿದ್ದವರ ಮಕ್ಕಳು ಜೀನ್ ಎನ್ನುತ್ತಾರೆ, ಹಾರ್ಮೋನ್ ಎನ್ನುತ್ತಾರೆ. ಆದ್ದರಿಂದ ಈ ವಿಷಯದಲ್ಲಿ ವಿಜ್ಞಾನವು ನಿಜಕ್ಕೂ ಏನು ಹೇಳಿದೆಯೆಂದು ನಾವು ತಿಳಿಯಬೇಕಾಗಿದೆ.

1993ರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಬ್ರೂನರ್ ಮತ್ತು ಸಂಗಡಿಗರು ಒಂದು ಕುಟುಂಬದ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಆ ಕುಟುಂಬದ ಹಲವು ಪುರುಷರು ಸಿಟ್ಟಿನ ಭರದಲ್ಲಿ ಹಿಂಸೆಗೆ ಇಳಿಯುತ್ತಿದ್ದರು. ಅವರಲ್ಲಿ ಎಂಎಒಎ ಎಂಬ ಜೀನ್, ಅಂದರೆ ವಂಶವಾಹಿ, ಕೆಲಸ ಮಾಡುತ್ತಿರಲಿಲ್ಲ. ಮೆದುಳಿನ ಸೆರೊಟೊನಿನ್, ಡೋಪಮಿನ್‌ನಂತಹ ರಾಸಾಯನಿಕಗಳನ್ನು ವಿಭಜಿಸುವ ಕಿಣ್ವವು ತಯಾರಾಗುವುದು ಈ ಜೀನ್‌ನಿಂದ. ಅದು ಸಂಪೂರ್ಣ ಕೆಟ್ಟುಹೋಗುವುದು ಅತ್ಯಂತ ವಿರಳ. ಆದರೆ ಕಿಣ್ವವನ್ನು ಕಡಿಮೆ ತಯಾರಿಸುವ ಅದರ ಒಂದು ಬಗೆ ಸಾಮಾನ್ಯವಾಗಿದ್ದು, ಯುರೋಪ್ ಮೂಲದ ಪುರುಷರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದಿದೆ. ಮಾಧ್ಯಮಗಳು ಅದನ್ನು 'ಯೋಧ ಜೀನ್' ಎಂದು ಕರೆದವು.

ಹಾಗಾದರೆ ಆ ಮೂವರಲ್ಲಿ ಒಬ್ಬರು ಹಿಂಸಾಚಾರಿಗಳೇ? 2002ರಲ್ಲಿ ಅವ್ಶಲೋಮ್ ಕ್ಯಾಸ್ಪಿ, ಟೆರಿ ಮಾಫಿಟ್ ಮೊದಲಾದವರು ಪ್ರಕಟಿಸಿದ ಅಧ್ಯಯನವನ್ನು ನೋಡೋಣ. ನ್ಯೂಝಿಲೆಂಡ್‌ನ ಡ್ಯೂನೆಡಿನ್‌ನಲ್ಲಿ 1972-73ರಲ್ಲಿ ಜನಿಸಿದ ಮಕ್ಕಳನ್ನು ದೀರ್ಘಕಾಲ ಗಮನಿಸಿ ನಡೆಸಿದ ಅಧ್ಯಯನವದು. ಈ ಬಗೆಯ ಜೀನ್ ಇದ್ದು, ಜೊತೆಗೆ ಬಾಲ್ಯದಲ್ಲಿ ದೌರ್ಜನ್ಯಕ್ಕೂ ತುತ್ತಾದವರು ಪುರುಷರ ಪೈಕಿ ಶೇ. 12ರಷ್ಟು ಮಾತ್ರ. ಆದರೆ ಹಿಂಸಾ ಅಪರಾಧಗಳಿಗೆ ದೊರೆತ ಶಿಕ್ಷೆಗಳಲ್ಲಿ ಶೇ. 44 ಅವರ ಪಾಲಾಗಿತ್ತು. ಅದೇ ಜೀನ್ ಇದ್ದೂ ಪೆಟ್ಟು ತಿನ್ನದೆ ಬೆಳೆದವರಲ್ಲಿ ಅಂತಹ ಒಲವು ಕಾಣಿಸಲಿಲ್ಲ. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಸಮರ್ಥಿಸಿವೆ, ಕೆಲವು ಸಮರ್ಥಿಸಿಲ್ಲ. ಆದರೆ ಒಂದು ಜೀನ್ ತಾನೊಂದೇ ಮನುಷ್ಯನನ್ನು ಕ್ರೂರಿಯಾಗಿಸುತ್ತದೆ ಎಂಬ ವಾದಕ್ಕೆ ಇವುಗಳಲ್ಲಿ ಆಧಾರವಿಲ್ಲ.

ಆದರೂ ಈ ವಾದವು ನ್ಯಾಯಾಲಯದ ಮೆಟ್ಟಿಲೇರಿತು. ಇಟಲಿಯಲ್ಲಿ ಅಲ್ಜೀರಿಯಾ ಮೂಲದ ಮುಸ್ಲಿಮನೊಬ್ಬ, ಕಣ್ಣಿಗೆ ಸುರ್ಮಾ ಹಚ್ಚಿದ್ದಕ್ಕೆ ತನ್ನನ್ನು ಹೀಯಾಳಿಸಿದನೆಂದು 2007ರಲ್ಲಿ ಒಬ್ಬನನ್ನು ಇರಿದು ಕೊಂದಿದ್ದ. ಮಾನಸಿಕ ಅಸ್ವಸ್ಥತೆಯ ಕಾರಣಕ್ಕೆ ಅವನ ಶಿಕ್ಷೆಯನ್ನು ಮೊದಲೇ ಇಳಿಸಲಾಗಿತ್ತು. 2009ರಲ್ಲಿ ಟ್ರಿಯೆಸ್ಟೆಯ ಮೇಲ್ಮನವಿ ನ್ಯಾಯಾಲಯವು ಅವನ ಜೀನ್‌ಗಳನ್ನೂ ಪರಿಗಣಿಸಿ ಇನ್ನೂ ಒಂದು ವರ್ಷ ಕಡಿತಗೊಳಿಸಿತು. ನಮ್ಮವನೊಬ್ಬನಿಗೆ ದಯೆ ದೊರೆಯಿತೆಂದು ನಾವು ಸಂತೋಷಪಡಬೇಕೇ? ಇಲ್ಲ. ಇಂದು ಜೀನ್‌ನ ಹೆಸರಿನಲ್ಲಿ ಒಬ್ಬನ ಶಿಕ್ಷೆಯನ್ನು ಇಳಿಸುವವರು, ನಾಳೆ ಅದೇ ಹೆಸರಿನಲ್ಲಿ ಇಡೀ ಜನಾಂಗವನ್ನು ಶಂಕಿಸಬಲ್ಲರು.

ಇದು ಕೇವಲ ಕಲ್ಪನೆಯಲ್ಲ. 2006ರಲ್ಲಿ ನ್ಯೂಝಿಲೆಂಡ್‌ನ ಮಾವೊರಿ ಮೂಲನಿವಾಸಿಗಳಲ್ಲಿ ಈ 'ಯೋಧ ಜೀನ್' ಹೆಚ್ಚಾಗಿದೆ ಎಂಬ ಸುದ್ದಿ ಹಬ್ಬಿ ದೊಡ್ಡ ವಿವಾದವಾಯಿತು. ಚೀನೀ ಪುರುಷರಲ್ಲೂ ಅದು ಹೆಚ್ಚಿದೆ, ಆದರೆ ಅವರನ್ನಾರೂ ಹುಟ್ಟು ಹಿಂಸಾಚಾರಿಗಳೆಂದು ಕರೆಯಲಿಲ್ಲ. ನಮ್ಮ ದೇಶದಲ್ಲಂತೂ ಬ್ರಿಟಿಷರು 1871ರಲ್ಲೇ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ತಂದು, ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಿಸಿ ಅವರ ಓಡಾಟಕ್ಕೆ ನಿರ್ಬಂಧ ವಿಧಿಸಿದರು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಕಳಂಕ ಮಾತ್ರ ಅಳಿಯಲಿಲ್ಲ. ಮುಸ್ಲಿಮರು ಹುಟ್ಟಿನಿಂದಲೇ ಉಗ್ರ ಸ್ವಭಾವದವರು ಎಂಬ ಆರೋಪವನ್ನು ನಾವೂ ಕೇಳುತ್ತಿದ್ದೇವೆ. ಬೀದಿಯಲ್ಲಿ ಈ ಆರೋಪವನ್ನು ಖಂಡಿಸುವ ನಾವು, ಮನೆಯೊಳಗೆ ಗಂಡಸರ ರಕ್ತವೇ ಹಾಗೆ ಎಂದರೆ ಅದಕ್ಕಿಂತ ದೊಡ್ಡ ವಿರೋಧಾಭಾಸ ಯಾವುದಿದೆ?

ಸ್ವಭಾವಕ್ಕೆ ದೇಹದಲ್ಲಿ ಬೇರಿದೆ ಎಂಬುದನ್ನು ಇಸ್ಲಾಮ್ ನಿರಾಕರಿಸುವುದಿಲ್ಲ. ಕೋಪ ಬಂದವನು ನಿಂತಿದ್ದರೆ ಕುಳಿತುಕೊಳ್ಳಲಿ, ಅಷ್ಟಕ್ಕೂ ಶಮನವಾಗದಿದ್ದರೆ ಮಲಗಲಿ ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಕೋಪವು ದೇಹದಲ್ಲಿ ಏಳುತ್ತದೆ ಎಂಬ ಅರಿವು ಇದರಲ್ಲಿದೆ. ಆದರೆ ಅಲ್ಲಿ ಕೊಟ್ಟಿರುವುದು ನೆಪವನ್ನಲ್ಲ, ಉಪಾಯವನ್ನು. ಕೆಡುಕಿಗೆ ಪ್ರೇರೇಪಿಸುವ ನಫ್ಸ್‌ನ ಬಗ್ಗೆ ಕುರ್‌ಆನ್ ಎಚ್ಚರಿಸುತ್ತದೆ, ತನ್ನನ್ನು ತಾನೇ ಆಕ್ಷೇಪಿಸಿಕೊಳ್ಳುವ ನಫ್ಸ್‌ನ ಬಗ್ಗೆಯೂ ಹೇಳುತ್ತದೆ. ಫಿಕ್‌ಹ್ ಶಾಸ್ತ್ರವು ಬುದ್ಧಿ ಸ್ವಾಧೀನದಲ್ಲಿಲ್ಲದವನನ್ನೂ ಪ್ರಾಯಕ್ಕೆ ಬಾರದ ಮಗುವನ್ನೂ ಧಾರ್ಮಿಕ ಹೊಣೆಯಿಂದ ಮುಕ್ತಗೊಳಿಸಿದೆ. ಮುಂಗೋಪಿಗೆ ಆ ವಿನಾಯಿತಿ ಇಲ್ಲ. ಅಂಗಡಿಯಲ್ಲಿ ಗಿರಾಕಿಯ ಮುಂದೆ, ಠಾಣೆಯಲ್ಲಿ ಪೊಲೀಸರ ಮುಂದೆ ಸಿಟ್ಟನ್ನು ನುಂಗಿಕೊಳ್ಳುವವನಿಗೆ ಹೆಂಡತಿಯ ಮುಂದೆ ಮಾತ್ರ ಅದು ಸಾಧ್ಯವಾಗುವುದಿಲ್ಲವೆಂದರೆ, ಕಾರಣ ಅವನ ಜೀನ್ ಅಲ್ಲ.

ಡ್ಯೂನೆಡಿನ್‌ನ ಅಧ್ಯಯನವು ಹೆತ್ತವರಿಗೂ ಉಸ್ತಾದರಿಗೂ ನೇರವಾಗಿ ಸಂಬಂಧಿಸಿದೆ. ಮಗುವಿನ ಜೀನ್ ನಮ್ಮ ಕೈಯಲ್ಲಿಲ್ಲ, ಬೆತ್ತ ನಮ್ಮ ಕೈಯಲ್ಲಿದೆ. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿಷೇಧಿಸಿದೆ. 2012ರ ತಿದ್ದುಪಡಿಯು ಮದ್ರಸಾ ಮತ್ತು ವೇದ ಪಾಠಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಇದನ್ನು ಬೆತ್ತ ಬೀಸಲು ದೊರೆತ ಪರವಾನಿಗೆಯೆಂದು ಯಾರೂ ಭಾವಿಸದಿರಲಿ. ಬಾಲ್ಯದಿಂದ ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಅನಸ್(ರ), ಒಮ್ಮೆಯೂ ಅವರಿಂದ ಗದರಿಸಿಕೊಳ್ಳಲಿಲ್ಲವೆಂದು ಸ್ಮರಿಸಿದ್ದಾರೆ. ಈ ಹದೀಸನ್ನು ಕಲಿಸುವ ಕೈಯಲ್ಲೇ ಬೆತ್ತವಿರುವುದು ಹೇಗೆ ಸರಿ?

ಆದ್ದರಿಂದ ಜಮಾಅತ್‌ಗಳು 'ರಕ್ತವೇ ಹಾಗೆ' ಎಂಬ ಮಾತನ್ನು ತಮ್ಮ ಕಡತದಿಂದ ಕಿತ್ತುಹಾಕಬೇಕು. ಹೊಡೆದವನನ್ನೇ ಮುಂದೆ ಕೂರಿಸಿ ಪ್ರಶ್ನಿಸಬೇಕು, ಅವನಿಂದ ಲಿಖಿತ ಮುಚ್ಚಳಿಕೆ ಪಡೆಯಬೇಕು. ನಿಜವಾಗಿಯೂ ಕಾಯಿಲೆಯಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ ಪಡೆಯುವ ಹಕ್ಕು ಅವಳಿಗಿದೆಯೆಂದು ಆ ಹೆಣ್ಣುಮಗಳಿಗೆ ತಿಳಿಸಬೇಕು. ಹಾಗೆ ಮಾಡದೆ ಅವಳಿಗಷ್ಟೇ ಸಬ್ರ್ ಬೋಧಿಸಿ ಕಳುಹಿಸಿದರೆ, ಆ ಮನೆಯಲ್ಲಿ ಬೆಳೆಯುತ್ತಿರುವ ಹುಡುಗ ಅಪ್ಪನಿಂದ ಪಡೆಯುವುದು ರಕ್ತವನ್ನು ಮಾತ್ರವಲ್ಲ, ನಾವು ಮೌನದಿಂದ ಒಪ್ಪಿಕೊಂಡ ಪಾಠವನ್ನು ಕೂಡಾ.